ಮೇಷ್ಟ್ರು ಕೇಳಿದ ಕಡೇ ಹಾಳೆ

ನಮ್ಮ ಕನ್ನಡ ಮೇಷ್ಟ್ರು ಹೋಗಿಬಿಟ್ಟರು ಅಂತ ಹಳೇ ಬ್ಯಾಚಿನ ವಾಟ್ಸ್ಯಾಪ್ ಗುಂಪಿನಲ್ಲಿ ಸುದ್ದಿ ಬಂತು. ಅವರು ಕಲಿಸಿದ ಸಂಧಿ, ಸಮಾಸ ಒಂದೂ ತಲೆಯಲ್ಲಿ ಉಳಿದಿಲ್ಲ. ಉಳಿದಿರುವುದು ಎನ್. ನರಸಿಂಹಯ್ಯನವರ ಒಂದು ಪತ್ತೇದಾರಿ ಕಾದಂಬರಿ.

ಆಗ ನಮಗೆಲ್ಲ ನರಸಿಂಹಯ್ಯನವರ ಹುಚ್ಚು. ಬಾಡಿಗೆ ಲೈಬ್ರರಿಯಿಂದ ತಂದ ಪುಸ್ತಕ ಇಡೀ ಕ್ಲಾಸು ಸುತ್ತುತ್ತಿತ್ತು. ನಮ್ಮ ಗುಂಪಿನದು ಒಂದು ಕಾನೂನು. ಕಡೇ ಹಾಳೆ ಮೊದಲೇ ಕಿತ್ತು ಜೇಬಿಗೆ ಸೇರಿಸುತ್ತಿದ್ದೆವು. ಕೊಲೆಗಾರ ಯಾರು ಅಂತ ಗೊತ್ತಾಗಬೇಕಾದರೆ ಕಡ್ಲೆಮಿಠಾಯಿ ಕೊಡಬೇಕು! ವಾಪಸ್ ಕೊಡುವ ದಿನ ಅನ್ನದ ಅಗುಳಿನಿಂದ ಹಾಳೆ ಅಂಟಿಸಿದರೆ ಆಯಿತು.

ಒಂದು ದಿನ ಪಕ್ಕದವನು ಸಮಾಜ ಪುಸ್ತಕದೊಳಗೆ ಕಾದಂಬರಿ ಇಟ್ಟುಕೊಂಡು ಸಿಕ್ಕಿಬಿದ್ದ. ಮೇಷ್ಟ್ರು ಮಾತಾಡದೆ ಕಿತ್ತುಕೊಂಡರು. ಮಾರನೇ ದಿನ ಸ್ಟಾಫ್ ರೂಮಿಗೆ ಕರೆ. ಬೆತ್ತದ ಏಟಿಗೆ ತಯಾರಾಗೇ ಹೋದೆವು.

“ಕಡೇ ಹಾಳೆ ಎಲ್ರೋ?”

ಕಣ್ಣು ಕೆಂಪಗಿತ್ತು. ರಾತ್ರಿ ನಿದ್ದೆಗೆಟ್ಟು ಓದಿದ್ದರು ಅಂತ ಕಾಣುತ್ತೆ. ಅವರ ಹತ್ತಿರ ಮಿಠಾಯಿ ಕೇಳುವ ಧೈರ್ಯ ಯಾರಿಗಿತ್ತು? ತೆಪ್ಪಗೆ ತೆಗೆದು ಕೊಟ್ಟೆವು. ನಿಂತಲ್ಲೇ ಓದಿ, “ಛೆ, ನಾನು ಬೇರೆಯವನ ಮೇಲೆ ಅನುಮಾನಪಟ್ಟಿದ್ದೆ ಕಣ್ರೋ” ಅಂದರು.

ಶಿಕ್ಷೆ ತಪ್ಪಲಿಲ್ಲ. ಅದೇ ಕಥೆಗೆ ಬೇರೆ ಮುಕ್ತಾಯ ಬರೆದು ತರಬೇಕಿತ್ತು. ನನ್ನದನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿಸಿದರು. (ಚೆನ್ನಾಗೇ ಬರೆದಿದ್ದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ವಾರಪತ್ರಿಕೆಗಳಲ್ಲೂ ನನ್ನ ಕಥೆಗಳು ಬಂದಿವೆ.) ಓದು ಮುಗಿದ ಮೇಲೆ ಮೇಷ್ಟ್ರು ಅಂದರು: “ಈ ನರಸಿಂಹಯ್ಯನವರು ಓದಿದ್ದು ಬರೀ ನಾಲ್ಕನೇ ಕ್ಲಾಸು. ಎಂ.ಎ. ಮಾಡಿದ ನಾನು ಒಂದು ಕಾದಂಬರಿ ಬರೆದಿದ್ದೀನಾ?”

1925ರಲ್ಲಿ ಹುಟ್ಟಿದವರು ನರಸಿಂಹಯ್ಯ. ಐವತ್ತರ ದಶಕದಲ್ಲಿ ‘ಪತ್ತೇದಾರ ಪುರುಷೋತ್ತಮ’ನಿಂದ ಶುರುಮಾಡಿ 500ಕ್ಕೂ ಜಾಸ್ತಿ ಕಾದಂಬರಿ ಬರೆದರು. ದೊಡ್ಡ ವಿಮರ್ಶಕರು ಆ ಕಡೆ ತಿರುಗಿ ನೋಡಿದ್ದು ಕಡಿಮೆ. ಓದುಗರಿಗೆ ಅದರ ಗೊಡವೆ ಇರಲಿಲ್ಲ, ಮುಂದಿನ ಪುಸ್ತಕ ಯಾವಾಗ ಅನ್ನೋದೊಂದೇ ಚಿಂತೆ. 2011ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಮೇಷ್ಟ್ರಿಗೆ ಫೋನ್ ಮಾಡಿದ್ದೆ. “ನೀವು ಹಿಂದಿನ ಬೆಂಚಿನವರು ಎಸ್ಸೆಸ್ಸೆಲ್ಸಿ ಕನ್ನಡದಲ್ಲಿ ಪಾಸಾಗಿದ್ದು ನನ್ನಿಂದಲ್ಲ ಕಣಯ್ಯ, ಅವರಿಂದ” ಅಂದರು.

ಈಗ ನನ್ನ ಮೊಮ್ಮಗಳ ಶಾಲೆಯ ಟೈಮ್ ಟೇಬಲ್ಲಿನಲ್ಲಿ ವಾರಕ್ಕೊಂದು ಲೈಬ್ರರಿ ಪಿರಿಯಡ್ ಇದೆ. ಆ ಪಿರಿಯಡ್ಡಿನಲ್ಲಿ ಗಣಿತದ ಟೆಸ್ಟ್ ನಡೆಯುತ್ತೆ. ನಮ್ಮ ಮೇಷ್ಟ್ರ ಕಿವಿಗೆ ಬಿದ್ದಿದ್ದರೆ ಸೀದಾ ಹೆಡ್‌ಮಾಸ್ಟರ ರೂಮಿಗೆ ನುಗ್ಗುತ್ತಿದ್ದರು.