ದೂರು ತಲುಪಿದೆ ಎಂದು ತಿಳಿಸುವ ಕೆಲಸ

ದಾವಣಗೆರೆಯ ಸಣ್ಣ ಸಾಫ್ಟ್‌ವೇರ್ ಕಚೇರಿಯೊಂದರಲ್ಲಿ ಕೆಲಸ ಮಾಡುವ ನಾನು, ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕನ್ನಡವನ್ನು ಎಲ್ಲೆಡೆ ಒಂದೇ ಆಗಿರುವ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡ್‌ಗೆ ಬದಲಿಸುವ ಉಚಿತ ತಂತ್ರಾಂಶವೊಂದನ್ನು ಇನ್ನಿಬ್ಬರೊಡನೆ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತೇನೆ. ಫಲಿತಾಂಶಗಳ ಕಾಲದಲ್ಲಿ ಊರಿನ ಮುದ್ರಣಾಲಯವೊಂದರಿಂದ, ‘ರ‍್ಯಾಂಕ್’ ಎಂಬ ಪದ ‘ರ್ಯಾಂಕ್’ ಆಗಿ ಬರುತ್ತಿದೆ ಎಂಬ ದೂರು ಬಂತು. ಅದೇ ರಾತ್ರಿ ಪರೀಕ್ಷಿಸಿದಾಗ ಕಾರಣವೂ ಸಿಕ್ಕಿತು: ‘ರ’ ಮತ್ತು ಹಲಂತ ಚಿಹ್ನೆಯ (್) ನಡುವೆ ಇರಬೇಕಾದ, ಕಣ್ಣಿಗೆ ಕಾಣದ ಜೋಡಕ ಅಕ್ಷರವನ್ನು (ಝಡ್‌ಡಬ್ಲ್ಯುಜೆ) ನಮ್ಮದೇ ಕೋಡಿನ ಒಂದು ಸಾಲು ಕಸವೆಂದು ಭಾವಿಸಿ ಅಳಿಸುತ್ತಿತ್ತು.

ಸರಿಪಡಿಸಿದ ಮೇಲೆ ಉತ್ತರಿಸೋಣವೆಂದುಕೊಂಡೆ. ಕಚೇರಿಯ ಕೆಲಸದ ಒತ್ತಡದಲ್ಲಿ 7 ವಾರ ಕಳೆದವು. ಕಾರಣವನ್ನು ನಾನು ಎಲ್ಲಿಯೂ ಬರೆದಿಡದಿದ್ದುದರಿಂದ, ಜೊತೆಗಾರರೊಬ್ಬರು 2 ಸಂಜೆ ಅದೇ ದೋಷವನ್ನು ಮೊದಲಿನಿಂದ ಹುಡುಕಿದರು. ಮುದ್ರಣಾಲಯದವರಿಗೆ ಫೋನ್ ಮಾಡಿದಾಗ ಅವರು ಹೇಳಿದ್ದು ಇಷ್ಟು: “ನೀವು ನೋಡೇ ಇಲ್ಲ ಅಂದ್ಕೊಂಡೆ ಸರ್. ನಮ್ಮಲ್ಲಿ ನೂರು ವಿಸಿಟಿಂಗ್ ಕಾರ್ಡ್ ಆರ್ಡರ್ ಕೊಟ್ರೂ ಚೀಟಿ ಹರಿದು ಕೊಡ್ತೀವಿ.”

ಸ್ವಯಂಸೇವಕರೇ ನಡೆಸುವ, ಡೆಬಿಯನ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂನ ಯೋಜನೆಯಲ್ಲಿ ಈ ಚೀಟಿಯ ವ್ಯವಸ್ಥೆ ಬಹಳ ಹಿಂದಿನಿಂದಲೂ ಇದೆ. ಇಮೇಲ್‌ನಲ್ಲಿ ಕಳಿಸಿದ ಪ್ರತಿ ದೂರಿಗೂ ಸಂಖ್ಯೆಯಿರುವ ಸ್ವೀಕೃತಿ ತಾನಾಗಿಯೇ ಹೋಗುತ್ತದೆ, ಮತ್ತು ಇತ್ಯರ್ಥವಾಯಿತೆಂದು ಯಾರಾದರೂ ಗುರುತು ಹಾಕುವವರೆಗೆ ಆ ದೂರು ತೆರೆದೇ ಇರುತ್ತದೆ. ಸರಿಪಡಿಸುವ ಇರಾದೆ ಇಲ್ಲದಿದ್ದರೆ ‘ವೋಂಟ್‌ಫಿಕ್ಸ್’ ಎಂಬ ಟ್ಯಾಗ್ ಕೂಡ ಅಲ್ಲಿದೆ. ಮೌನಕ್ಕಿಂತ ಆ ನಿಷ್ಠುರತೆಯೇ ನನಗೆ ಮೇಲೆನಿಸುತ್ತದೆ. ಇಷ್ಟು ದಿನ ಯಾರೂ ಮಾತನಾಡಲಿಲ್ಲವೆಂಬ ಒಂದೇ ನೆಪಕ್ಕೆ ಹಳೆಯ ದೂರುಗಳನ್ನು ಮುಚ್ಚಿಬಿಡುವ ಸ್ವಯಂಚಾಲಿತ ಬಾಟ್‌ಗಳನ್ನು ಮಾತ್ರ ನಾನು ಒಪ್ಪಲಾರೆ. ಸುಮ್ಮನಿದ್ದವರು ನಾವು, ಶಿಕ್ಷೆ ದೂರು ಕೊಟ್ಟವರಿಗೆ.

ಈಗ ದೂರು ಓದಿದ ದಿನವೇ, ನನ್ನ ಯಂತ್ರದಲ್ಲಿ ದೋಷ ಮರುಕಳಿಸಿತೋ ಇಲ್ಲವೋ, ಇನ್ನೇನು ಮಾಹಿತಿ ಬೇಕು ಎಂಬುದನ್ನು ಅದರಡಿಯಲ್ಲೇ ಬರೆಯುತ್ತೇನೆ. ಯಾವಾಗ ಸರಿಹೋಗುತ್ತದೆ ಎಂಬ ಭರವಸೆಯನ್ನು ಮಾತ್ರ ಕೊಡುವುದಿಲ್ಲ. ಕೆಲಸ ಕೈಗೆತ್ತಿಕೊಂಡವರು ತಮ್ಮ ಹೆಸರು ಹಾಕಿಕೊಳ್ಳುತ್ತಾರೆ, ಬಿಟ್ಟರೆ ಅಳಿಸುತ್ತಾರೆ. ‘ರ‍್ಯಾಂಕ್’ ದೂರನ್ನು ಮುಚ್ಚುವ ಮುನ್ನ ಮುದ್ರಣಾಲಯಕ್ಕೇ ಹೋಗಿ, ಅವರ ಹಳೆಯ ಫೈಲೊಂದನ್ನು ಹೊಸ ಆವೃತ್ತಿಯಲ್ಲಿ ಪರಿವರ್ತಿಸಿ ತೋರಿಸಿದೆ. ‘ರ‍್ಯಾಂಕ್’ ಸರಿಯಾಗಿ ಬಂತು. ಅವರು ಅಷ್ಟಕ್ಕೇ ಬಿಡದೆ ಪುಟವನ್ನು ಕೆಳಗೆ ಸರಿಸುತ್ತಾ, ‘ಸೂರ್ಯ’, ‘ಆಚಾರ್ಯ’ ಪದಗಳಲ್ಲಿ ಅರ್ಕಾವೊತ್ತು ಮೊದಲಿನಂತೆಯೇ ಇದೆಯೇ ಎಂದು ಒಂದೊಂದಾಗಿ ನೋಡತೊಡಗಿದರು.