ಪರೀಕ್ಷಾ ಮೇಲ್ ಮುಚ್ಚಿಟ್ಟಿದ್ದ ದೋಷ

ನಮ್ಮಲ್ಲಿ ಡವ್‌ಕಾಟ್ ಎಂಬ ಮೇಲ್ ತಂತ್ರಾಂಶದ 2.3ನೇ ಆವೃತ್ತಿ ಓಡುವ ಎರಡು ಮೇಲ್ ಸರ್ವರ್‌ಗಳಿವೆ. ಒಂದಕ್ಕೆ ಬಂದ ಮೇಲ್ ಕೆಲವೇ ಕ್ಷಣಗಳಲ್ಲಿ ಇನ್ನೊಂದರಲ್ಲೂ ಕಾಣಿಸುತ್ತದೆ. ಬಳಕೆದಾರರು ಬರೆದುಕೊಂಡ ಸೀವ್ ಸ್ಕ್ರಿಪ್ಟ್‌ಗಳ ಕಥೆ ಮಾತ್ರ ಬೇರೆ. ಯಾವ ಮೇಲ್ ಯಾವ ಫೋಲ್ಡರ್‌ಗೆ ಹೋಗಬೇಕು, ರಜೆಯಲ್ಲಿರುವಾಗ ಏನೆಂದು ಉತ್ತರಿಸಬೇಕು ಎಂಬ ಈ ನಿಯಮಗಳು ಕೆಲವರ ಖಾತೆಗಳಲ್ಲಿ ಗಂಟೆಗಟ್ಟಲೆ ತಡವಾಗಿ ದಾಟುತ್ತಿದ್ದವು. ದಿನವಿಡೀ ಮೇಲ್ ಸುರಿಯುವವರಿಂದ ಒಂದೂ ದೂರಿಲ್ಲ. ಅಪರೂಪಕ್ಕೆ ಮೇಲ್ ಬರುವ ಖಾತೆಗಳದೇ ಗೋಳು.

ಮೊದಲ ಅನುಮಾನ ಎಂದಿನಂತೆ ನೆಟ್‌ವರ್ಕ್ ಮೇಲೆ. ಎರಡೂ ಯಂತ್ರಗಳ ಗಡಿಯಾರ ಹೊಂದಿದೆಯೇ ಎಂದೂ ನೋಡಿದೆವು. ಎರಡು ಕಡೆ ಬೇರೆ ಬೇರೆ ಪ್ರತಿಗಳಿದ್ದಾಗ ಯಾವುದು ಹೊಸದು ಎಂದು ತೀರ್ಮಾನವಾಗುವುದು ಸಮಯದ ಮೇಲೆಯೇ ಆದ್ದರಿಂದ ಅದು ಕಡೆಗಣಿಸುವ ಸಂಗತಿಯಲ್ಲ. ಎಲ್ಲವೂ ಸರಿಯಾಗಿತ್ತು. ಎರಡು ಸರ್ವರ್‌ಗಳನ್ನು ಒಂದೇ ಸ್ಥಿತಿಯಲ್ಲಿಡುವ ಡವ್‌ಕಾಟ್‌ನ ಭಾಗವಾದ ರೆಪ್ಲಿಕೇಟರ್‌ನ ಸ್ಥಿತಿ ಕೇಳಿದರೆ ಬಾಕಿ ಏನೂ ಇಲ್ಲ, ವಿಫಲವಾದದ್ದೂ ಇಲ್ಲ ಎಂಬ ಉತ್ತರ. ಅದು ಸುಳ್ಳು ಹೇಳುತ್ತಿರಲಿಲ್ಲ. ಯಾರೂ ಒಪ್ಪಿಸದ ಕೆಲಸ ಬಾಕಿಯ ಪಟ್ಟಿಯಲ್ಲಿ ಇರುವುದಾದರೂ ಹೇಗೆ?

ರೆಪ್ಲಿಕೇಟರ್ ತಾನಾಗಿ ಏನನ್ನೂ ಹುಡುಕಿಕೊಂಡು ಹೋಗುವುದಿಲ್ಲ. ಅಂಚೆಪೆಟ್ಟಿಗೆಯಲ್ಲಿ ಬದಲಾವಣೆಯಾದಾಗ ನೋಟಿಫೈ ಪ್ಲಗಿನ್‌ನ ನೆರವಿನಿಂದ ಅದಕ್ಕೆ ಸುದ್ದಿ ಮುಟ್ಟುತ್ತದೆ, ಆಗ ಆ ಬಳಕೆದಾರನ ಹೆಸರು ಸರದಿಗೆ ಸೇರುತ್ತದೆ. ಸ್ಕ್ರಿಪ್ಟ್ ಉಳಿಸುವುದು 4190ನೇ ಪೋರ್ಟಿನ ಮ್ಯಾನೇಜ್‌ಸೀವ್ ಮೂಲಕ, ಅಂದರೆ ಸ್ಕ್ರಿಪ್ಟ್‌ಗಳ ನಿರ್ವಹಣೆಗೆಂದೇ ಇರುವ ಪ್ರೋಟೋಕಾಲ್ ಮೂಲಕ. ಅದು ಮುಟ್ಟುವುದು ಬಳಕೆದಾರನ ಹೋಮ್ ಡೈರೆಕ್ಟರಿಯ ಕಡತಗಳನ್ನು, ಮೇಲ್‌ಗಳನ್ನಲ್ಲ. ಹಾಗಾಗಿ ನಮ್ಮ ವ್ಯವಸ್ಥೆಯಲ್ಲಿ ಸುದ್ದಿ ಹೊರಡುತ್ತಲೇ ಇರಲಿಲ್ಲ. ಸ್ಕ್ರಿಪ್ಟ್ ಸುಮ್ಮನೆ ಕಾಯುತ್ತಿತ್ತು: ಮುಂದಿನ ಮೇಲ್ ಬರುವವರೆಗೆ, ಇಲ್ಲವೇ ದಿನಕ್ಕೊಮ್ಮೆ ನಡೆಯುವ ಪೂರ್ಣ ಸಮನ್ವಯದ (ಸಿಂಕ್) ವರೆಗೆ. ಆ ಒಂದು ದಿನದ ಅವಧಿ ಡವ್‌ಕಾಟ್‌ನ ಮೂಲ ಸೆಟ್ಟಿಂಗ್.

ಇಷ್ಟು ಸರಳವಾದದ್ದು ಬೇಗ ಕಾಣದಿರಲು ಕಾರಣ ಪರೀಕ್ಷೆಯ ವಿಧಾನ. ಸ್ಕ್ರಿಪ್ಟ್ ಬದಲಿಸಿ ಒಂದು ಮೇಲ್ ಕಳಿಸಿ ನೋಡುವುದೇ ಎಲ್ಲರ ಪದ್ಧತಿ. ಆ ಮೇಲ್ ಎರಡನೇ ಸರ್ವರ್‌ಗೆ ತಲುಪಿದರೆ ಹಳೆಯ ನಿಯಮದಂತೆಯೇ ವಿಲೇವಾರಿಯಾಗುತ್ತದೆ; ಆದರೆ ಅದು ಬಂದದ್ದೇ ಸಮನ್ವಯವನ್ನು ಎಬ್ಬಿಸುತ್ತದೆ, ಬೆನ್ನಿಗೇ ಹೊಸ ಸ್ಕ್ರಿಪ್ಟ್ ಬಂದು ಕೂರುತ್ತದೆ. ಎರಡನೇ ಮೇಲ್ ಸರಿಯಾದ ಜಾಗಕ್ಕೆ ಹೋಗುತ್ತದೆ. ‘ಈಗ ಸರಿಯಿದೆ’ ಎಂದು ದೂರನ್ನು ಮುಚ್ಚುವುದು ಎಷ್ಟು ಸುಲಭ! ರಜೆಗೆ ಹೋದವರಿಗೆ ಬಂದ ಮೊದಲ ಪತ್ರಕ್ಕೆ ಮಾತ್ರ ಉತ್ತರ ಹೋಗಿರುವುದಿಲ್ಲ. ನಿಜವಾದ ಪರೀಕ್ಷೆ ಎಂದರೆ ಮೇಲ್ ಕಳಿಸದೆ, ಎರಡೂ ಕಡೆಯ ಕಡತಗಳನ್ನು ಹೋಲಿಸುತ್ತ ಕಾಯುವುದು. ಬೇಸರದ ಕೆಲಸ, ನಿಜ.

ಪೂರ್ಣ ಸಮನ್ವಯದ ಅವಧಿಯನ್ನು ಕೆಲವು ನಿಮಿಷಗಳಿಗೆ ಇಳಿಸೋಣ ಎಂಬ ಸಲಹೆ ಬಂತು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಬೆರಳೆಣಿಕೆಯ ಸ್ಕ್ರಿಪ್ಟ್‌ಗಳಿಗಾಗಿ ಎಲ್ಲರ ಅಂಚೆಪೆಟ್ಟಿಗೆಗಳನ್ನೂ ಮತ್ತೆ ಮತ್ತೆ ತಡಕಿದಂತಾಗುತ್ತದೆ. ಬದಲಿಗೆ, ಕಡತ ಬದಲಾದ ಕೂಡಲೇ ತಿಳಿಸುವ ಲಿನಕ್ಸ್‌ನ ಐನೋಟಿಫೈ ಸೌಲಭ್ಯ ಬಳಸಿ ಕಡತಗಳ ಮೇಲೆ ಕಣ್ಣಿಟ್ಟೆವು. ಬದಲಾವಣೆ ಕಂಡ ಕೂಡಲೇ ಡವ್‌ಕಾಟ್‌ನ ನಿರ್ವಹಣಾ ಸಾಧನವಾದ ಡವ್‌ಎಡಿಎಮ್ ಆದೇಶದಿಂದ ಆ ಒಬ್ಬ ಬಳಕೆದಾರನನ್ನು ಮಾತ್ರ ಹೆಚ್ಚಿನ ಆದ್ಯತೆಯೊಂದಿಗೆ ಸರದಿಗೆ ಸೇರಿಸುತ್ತೇವೆ.

ಇದರಲ್ಲಿ ಎರಡು ಸೂಕ್ಷ್ಮಗಳಿವೆ. ಸ್ಕ್ರಿಪ್ಟನ್ನು ಮೊದಲು ತಾತ್ಕಾಲಿಕ ಕಡತವಾಗಿ ಬರೆದು ಆಮೇಲೆ ಹೆಸರು ಬದಲಿಸಿ ಜಾಗಕ್ಕೆ ತರಲಾಗುತ್ತದೆ, ಆದ್ದರಿಂದ ಬರಹದ ಘಟನೆಯನ್ನಷ್ಟೇ ಕಾದರೆ ಸಾಲದು, ಕಡತ ಸ್ಥಳಾಂತರದ ಘಟನೆಯನ್ನೂ ಹಿಡಿಯಬೇಕು. ಇನ್ನು, ಬಳಕೆದಾರರು ಒಂದು ಸ್ಕ್ರಿಪ್ಟ್ ಬಿಟ್ಟು ಇನ್ನೊಂದನ್ನು ಚಾಲೂ ಮಾಡಿದಾಗ ಸ್ಕ್ರಿಪ್ಟ್‌ಗಳು ಹಾಗೆಯೇ ಇರುತ್ತವೆ, ಚಾಲ್ತಿಯ ಸ್ಕ್ರಿಪ್ಟನ್ನು ತೋರಿಸುವ ಸಿಮ್‌ಲಿಂಕ್ (ಇನ್ನೊಂದು ಕಡತದತ್ತ ಬೊಟ್ಟು ಮಾಡುವ ಕೊಂಡಿ) ಮಾತ್ರ ಬದಲಾಗುತ್ತದೆ. ಅದು ಇರುವುದು ಸ್ಕ್ರಿಪ್ಟ್‌ಗಳ ಫೋಲ್ಡರ್‌ನ ಹೊರಗೆ, ಹಾಗಾಗಿ ಅಲ್ಲೂ ಕಣ್ಣಿಡಬೇಕು. ಸಮನ್ವಯ ಮುಗಿದಾಗ ಎದುರು ಸರ್ವರ್‌ನ ಕಾವಲುಗಾರನೂ ಎಚ್ಚೆತ್ತು ಮತ್ತೊಂದು ಸುತ್ತು ಓಡಿಸುತ್ತಾನೆ. ವ್ಯತ್ಯಾಸ ಸಿಗದೆ ಅಲ್ಲಿಗೇ ನಿಲ್ಲುತ್ತದೆ, ಹಾಗಾಗಿ ತಡೆಯುವ ಗೋಜಿಗೆ ಹೋಗಲಿಲ್ಲ.

ಡವ್‌ಕಾಟ್ 2.4ರಲ್ಲಿ ರೆಪ್ಲಿಕೇಟರ್ ಅನ್ನೇ ತೆಗೆದುಹಾಕಿದ್ದಾರೆ. ಆವೃತ್ತಿ ಏರಿಸುವ ದಿನ ಸ್ಕ್ರಿಪ್ಟ್‌ಗಳಷ್ಟೇ ಅಲ್ಲ, ಮೇಲ್‌ಗಳ ಸಮನ್ವಯಕ್ಕೂ ಬೇರೆ ದಾರಿ ಹುಡುಕಬೇಕು. ಆ ಚರ್ಚೆ ನಮ್ಮಲ್ಲಿ ಈಗಷ್ಟೇ ಶುರುವಾಗಿದೆ.