ತೊಡೆ ತಿರುಗಲಿ, ಎದೆ ಕಣಿವೆ ನೋಡಲಿ

ರಾಯಚೂರಿನಿಂದ ಕಾಶ್ಮೀರಕ್ಕೆ ಹೊರಡುವವರಿಗೆ ದೆಹಲಿ ತನಕ ಕರ್ನಾಟಕ ಎಕ್ಸ್‌ಪ್ರೆಸ್ ಇದೆ. ಊರೆಲ್ಲ ಗಾಢ ನಿದ್ದೆಯಲ್ಲಿರುವ ಹೊತ್ತಿಗೆ ಅದು ನಮ್ಮ ಸ್ಟೇಷನ್ನಿಗೆ ಬರುತ್ತದೆ ಎನ್ನುವುದೊಂದೇ ತಕರಾರು. ಹೊರಟು ಸ್ವಲ್ಪ ಹೊತ್ತಿಗೆ ಕೃಷ್ಣೆಯ ಸೇತುವೆ, ಶಕ್ತಿನಗರದ ವಿದ್ಯುತ್ ಸ್ಥಾವರದ ದೀಪಗಳು. ಅಲ್ಲಿಂದಾಚೆ ಮಲಗುವುದು, ಏಳುವುದು, ಕಟಿರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುವುದು. ಜೊತೆಗೆ ನನ್ನ ಅಕ್ಕನ ಮಗ ಇದ್ದ. ಹೈದರಾಬಾದಿನಲ್ಲಿ ನೌಕರಿ, ಸಂಜೆಯಾದರೆ ಜಿಮ್ಮು. ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀ ಕಲಿಯುವ ಹುಚ್ಚು ಅವನದು. "ಮಾಮಾ, ನೀವೂ ಬರ್ರಿ, ಒಬ್ಬನ ಹೋದ್ರ ಅವ್ವ ಬಿಡಂಗಿಲ್ಲ" ಎಂದು ನನ್ನನ್ನು ಎಳೆದುಕೊಂಡು ಹೊರಟಿದ್ದ. ನಮ್ಮ ಓಣಿಯವರಿಗಂತೂ ಇದು ದೊಡ್ಡ ತಮಾಷೆ. ಬೇಸಿಗೆ ಬಂದರೆ ನಲವತ್ತು ಡಿಗ್ರಿ ದಾಟುವ ಊರಿನಿಂದ ಐವತ್ತರ ಮನುಷ್ಯ ಬರ್ಫದಲ್ಲಿ ಜಾರಲು ಹೊರಟಿದ್ದಾನೆ!

ದೆಹಲಿಯಿಂದ ಶ್ರೀನಗರಕ್ಕೆ ವಿಮಾನ; ಅಲ್ಲಿಂದ ಗುಲ್ಮಾರ್ಗ ಐವತ್ತು ಕಿಲೋಮೀಟರಿನ ಆಸುಪಾಸು. ತಂಗ್‌ಮಾರ್ಗದಲ್ಲಿ ಗಾಡಿ ನಿಂತಿತು. ಹಿಮ ಬಿದ್ದ ದಿನಗಳಲ್ಲಿ ಅಲ್ಲಿಂದ ಮೇಲಕ್ಕೆ ಚಕ್ರಕ್ಕೆ ಸರಪಳಿ ಸುತ್ತಿದ ಗಾಡಿಯೇ ಬೇಕು. ಅದಕ್ಕೆ ಬೇರೆ ಬಾಡಿಗೆ, ಆ ಬಾಡಿಗೆಗೆ ಬೇರೆ ಚೌಕಾಶಿ. ಮೇಲೆ ಸಮುದ್ರಮಟ್ಟದಿಂದ ಸುಮಾರು 2,650 ಮೀಟರಿನಲ್ಲಿ ಊರು. ಸುತ್ತ ಫರ್ ಮರಗಳ ಗುಡ್ಡ, ನಡುವೆ ವಿಶಾಲವಾದ ಬಯಲು. ಬ್ರಿಟಿಷ್ ಸೇನಾಧಿಕಾರಿಗಳು 1927ರಲ್ಲೇ ಇಲ್ಲಿ ಸ್ಕೀ ಕ್ಲಬ್ ಕಟ್ಟಿಕೊಂಡಿದ್ದರು. ಈ ಬಯಲಿನ ಅಂಚಿನ ಸಣ್ಣ ಇಳಿಜಾರುಗಳೇ ನಮ್ಮಂಥ ಹೊಸಬರ ಪಾಠಶಾಲೆ.

ಪಾಠ ನಿಜವಾಗಿ ಶುರುವಾದದ್ದು ಬಾಡಿಗೆ ಅಂಗಡಿಯಲ್ಲಿ, ಬೂಟು ಹಾಕಿಕೊಳ್ಳುವಾಗ. ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು, ಮುಂದೆ ಬಕಲ್‌ಗಳ ಸಾಲು, ಮೇಲೆ ಅಗಲವಾದೊಂದು ಪಟ್ಟಿ. ಬಿಗಿದರೆ ಹಿಮ್ಮಡಿ ಏಳುವಂತಿಲ್ಲ, ಪಾದ ಪಕ್ಕಕ್ಕೆ ಹೊರಳುವಂತಿಲ್ಲ. ಮೊಣಕಾಲಿನ ಕೆಳಗಿನ ಎಲುಬು ಬೂಟಿನ ನಾಲಿಗೆಗೆ ಸದಾ ಒತ್ತಿಕೊಂಡೇ ಇರಬೇಕು. ಅಂದರೆ ಪಾದದ ಕೀಲು ಲೆಕ್ಕದಿಂದ ಹೊರಗೆ. ಮೊಣಕಾಲು ಇರುವುದು ಬಾಗಲಿಕ್ಕೆ. ಬಲವಾಗಿ ತಿರುಚಿದರೆ ಲಿಗಮೆಂಟ್ ಹರಿಯುತ್ತದೆ, ಸ್ಕೀ ಆಡುವವರು ಅತಿ ಹೆಚ್ಚು ಹೆದರುವ ಪೆಟ್ಟೂ ಅದೇ. ಬೆನ್ನೆಲುಬಿನ ಕೆಳಭಾಗವೂ ಹೆಚ್ಚು ತಿರುಗುವ ಪೈಕಿ ಅಲ್ಲ. ಹಾಗಾದರೆ ಕಾಲಿಗೆ ಕಟ್ಟಿದ ಅಷ್ಟುದ್ದದ ಹಲಗೆಯನ್ನು ಎಲ್ಲಿಂದ ತಿರುಗಿಸುವುದು? ಉಳಿದದ್ದು ಒಂದೇ ಜಾಗ. ತೊಡೆ ಎಲುಬಿನ ಗುಂಡನೆಯ ತಲೆ ಕಟಿಯ ಎಲುಬಿನ ಗುಳಿಯಲ್ಲಿ ಕೂತಿದೆಯಲ್ಲ, ಅಲ್ಲಿ. ಮೇಲುಮೈ ಮತ್ತು ಕೆಳಮೈಯನ್ನು ಬೇರೆ ಬೇರೆ ಮಾಡುವುದು ಎಂದು ಸ್ಕೀ ಕಲಿಸುವವರು ಹೇಳುವ ವಿದ್ಯೆಯೆಲ್ಲ ಆ ಕೀಲಿನ ವ್ಯವಹಾರ.

ನಮಗೆ ಸಿಕ್ಕ ಗುರು ಅಲ್ಲಿಯವರೇ, ವಯಸ್ಸಾದವರು. ಎಲ್ಲರೂ ಉಸ್ತಾದ್ ಅನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ನಿಜಾಮರ ಸೀಮೆಯವರಾದ ನಮಗೆ ಉರ್ದು ಕಷ್ಟವಲ್ಲ. ಆದರೆ ನಮ್ಮ "ನಕ್ಕೋ" ಕೇಳಿದಾಗೆಲ್ಲ ಅವರಿಗೆ ನಗು ತಡೆಯುತ್ತಿರಲಿಲ್ಲ. ಮೊದಲು ಸ್ಕೀಗಳ ತುದಿ ಕೂಡಿಸಿ ಬಾಲ ಅಗಲಿಸಿ ನಿಲ್ಲುವುದು, ಅದರಲ್ಲೇ ಬ್ರೇಕು, ಅದರಲ್ಲೇ ತಿರುವು. ಅದಕ್ಕೆ ಅಲ್ಲಿನ ಹುಡುಗರೆಲ್ಲ ಪಿಜ್ಜಾ ಅನ್ನುತ್ತಾರೆ. ಇದು ಎಲ್ಲರಿಗೂ ಬರುತ್ತದೆ. ತೊಡಕು ಬರುವುದು ಎರಡೂ ಸ್ಕೀಗಳನ್ನು ಜೋಡಿಯಾಗಿ ತಿರುಗಿಸಲು ಹೋದಾಗ.

ಅಳಿಯ ಎಡಕ್ಕೆ ತಿರುಗಬೇಕೆಂದರೆ ಬಲಗೈಯನ್ನೂ ಬಲ ಹೆಗಲನ್ನೂ ಬೀಸಿ ಎಡಕ್ಕೆ ಎಸೆಯುತ್ತಿದ್ದ. ಸ್ಕೀ ತಿರುಗುತ್ತಿತ್ತು, ಸುಳ್ಳಲ್ಲ. ಆದರೆ ಅಷ್ಟು ಜೋರಾಗಿ ಬೀಸಿದ ಹೆಗಲು ಬೇಕಾದಲ್ಲಿ ನಿಲ್ಲುತ್ತದೆಯೇ? ತಿರುವು ಮುಗಿದ ಮೇಲೂ ಮೈ ತಿರುಗುತ್ತಲೇ ಹೋಗಿ ಎದೆ ಬೆಟ್ಟದ ಕಡೆಗೆ ಮುಖ ಮಾಡುತ್ತಿತ್ತು. ಭಾರವೆಲ್ಲ ತಿರುವಿನ ಒಳಬದಿಯ ಕಾಲಿಗೆ, ಅಂದರೆ ಒಳಗಾಲಿಗೆ ಬಿದ್ದು, ಹೊರಬದಿಯ ಹೊರಗಾಲಿನ ಸ್ಕೀ ಹಿಡಿತ ಬಿಟ್ಟು, ಎರಡರ ಬಾಲವೂ ಸುರ್ರೆಂದು ಕೆಳಗೆ ಜಾರುತ್ತಿತ್ತು. ಮುಂದಿನ ತಿರುವು ಬಲಕ್ಕೆ. ಎಡಕ್ಕೆ ಹೊರಟುಹೋದ ಇಡೀ ಮೈಯನ್ನು ಮೊದಲು ವಾಪಸ್ ಕರೆತರಬೇಕು. ಅದನ್ನು ಕರೆತರುವಷ್ಟರಲ್ಲಿ ಇಳಿಜಾರೇ ಮುಗಿದಿರುತ್ತಿತ್ತು, ಇಲ್ಲವೇ ಅವನು ಕೂತಿರುತ್ತಿದ್ದ.

ಅವನೊಬ್ಬನೇ ಅಲ್ಲ, ಆ ಇಳಿಜಾರಿನಲ್ಲಿದ್ದ ಹೊಸಬರೆಲ್ಲ ಹೀಗೇ. ತಾಕತ್ತಿನ ಕೊರತೆ ಯಾರಿಗೂ ಇರಲಿಲ್ಲ. ನನಗೆ ಕಂಡಂತೆ ಕಾರಣ ಹೆದರಿಕೆ. ಕೆಳಗೆ ನೋಡಿದರೆ ಎದೆ ಝಲ್ಲೆನ್ನುತ್ತದೆ, ಕಣ್ಣು ತಾನಾಗಿ ಗುಡ್ಡದ ಕಡೆ ಹೊರಳುತ್ತದೆ. ಕಣ್ಣಿನ ಹಿಂದೆ ತಲೆ, ತಲೆಯ ಹಿಂದೆ ಹೆಗಲು.

ಉಸ್ತಾದ್ ಬೈಯಲಿಲ್ಲ. ಹಿಮದ ಒಂದು ಉಂಡೆ ಮಾಡಿ ಇಳಿಜಾರಿನಲ್ಲಿ ಬಿಟ್ಟರು. ಅದು ಉರುಳಿದ ದಾರಿಯನ್ನು ಕೋಲಿನಿಂದ ಗೆರೆ ಎಳೆದು ತೋರಿಸಿದರು. ಮಳೆ ಬಿದ್ದರೆ ನೀರು ಹರಿಯುವ ದಾರಿ ಅದು. "ಸ್ಕೀ ಈ ಗೆರೆಯ ಎಡಕ್ಕೂ ಬಲಕ್ಕೂ ಹೋಗಿ ಬರಲಿ, ನಿಮ್ಮ ಎದೆಯ ಗುಂಡಿಗಳು ಮಾತ್ರ ಗೆರೆಯನ್ನೇ ನೋಡುತ್ತಿರಲಿ" ಎಂದರು. ಆಮೇಲೆ ಕೋಲು ಬದಿಗಿಟ್ಟು, ಎರಡೂ ಕೈ ಸೊಂಟದ ಎಲುಬಿನ ಮೇಲಿಟ್ಟುಕೊಳ್ಳಲು ಹೇಳಿದರು. ಸಮತಟ್ಟಿನಲ್ಲಿ ನಿಂತು ಪಾದಗಳನ್ನು ಎಡಕ್ಕೆ, ಬಲಕ್ಕೆ ಹೊರಳಿಸಬೇಕು. ಕೈಯ ಕೆಳಗಿನ ಎಲುಬು ಅಲ್ಲಾಡಬಾರದು. ಅಳಿಯನ ಎಲುಬು ಗಿರಗಿರ ತಿರುಗಿತು. ಸೊಂಟದಿಂದ ಮೇಲೆ ಒಂದು, ಸೊಂಟದಿಂದ ಕೆಳಗೆ ಒಂದು ಎಂದು ಬಹಳ ಮಂದಿ ತಿಳಿದಿರುತ್ತಾರಂತೆ. ಹಾಗಲ್ಲ. ಸೊಂಟವೂ ಮೇಲಿನ ಪಾಲಿಗೇ ಸೇರಿದ್ದು. ಗಡಿ ಇರುವುದು ಅದಕ್ಕೂ ಕೆಳಗೆ, ತೊಡೆಸಂದಿನಲ್ಲಿ.

ಇಷ್ಟು ಹೊತ್ತಿಗೆ ನನಗೆ ಇದನ್ನು ಎಲ್ಲೋ ಮಾಡಿದ್ದೇನೆ ಅನ್ನಿಸತೊಡಗಿತ್ತು. ನನ್ನದು ಸಿಂಧನೂರು ಕಡೆಯ ಹಳ್ಳಿ, ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ. ಟ್ರ್ಯಾಕ್ಟರ್ ಬರುವ ಮೊದಲು, ನಾಟಿಗೆ ಮುಂಚೆ ಕೆಸರು ಸಮ ಮಾಡಲು ಎತ್ತುಗಳ ಹಿಂದೆ ಉದ್ದನೆಯ ಹಲಗೆ ಕಟ್ಟಿ ಅದರ ಮೇಲೆ ಹುಡುಗರನ್ನು ನಿಲ್ಲಿಸುತ್ತಿದ್ದರು. ಕೈಯಲ್ಲಿ ಹಗ್ಗ, ಕಣ್ಣು ಎತ್ತಿನ ಕೊಂಬಿನ ಮೇಲೆ. ಹಲಗೆ ಒಮ್ಮೆ ಎಡಕ್ಕೆ ಓರೆಯಾಗುತ್ತದೆ, ಒಮ್ಮೆ ಬಲಕ್ಕೆ. ಅದರ ಜೊತೆ ಕಾಲು ಹೋಗಬೇಕು, ಮೈ ಹೋಗಬಾರದು. ಮೈಯೂ ಹೋದರೆ ಕೆಸರಿನಲ್ಲಿ ಮುಖ. ಇದನ್ನು ಹೇಳಿದಾಗ ಉಸ್ತಾದ್ ಖುಷಿಯಿಂದ ನನ್ನ ಬೆನ್ನು ತಟ್ಟಿದರು. ಅಳಿಯ ಮಾತ್ರ "ಹಲಗಿ ಮ್ಯಾಗ ನಿಂತೋರು ಇಲ್ಲಿ ಯಾಕ ಇಷ್ಟು ನಿಧಾನ ಬರ್ತೀರಿ ಮಾಮಾ?" ಅಂದ. ಎತ್ತು ಈ ಪರಿ ಓಡುತ್ತಿರಲಿಲ್ಲವಪ್ಪ.

ಮುಂದಿನ ಕಸರತ್ತು ಕಿಟಕಿಯದು. ಎರಡೂ ಕೋಲುಗಳನ್ನು ನಡುವೆ ಹಿಡಿದು ಮುಖದ ಮುಂದೆ ನೆಟ್ಟಗೆ ನಿಲ್ಲಿಸಿದರೆ ನಡುವೆ ಒಂದು ಚೌಕಟ್ಟು ಸಿಗುತ್ತದೆ. ಇಳಿಜಾರಿನ ಬುಡದಲ್ಲಿ ಒಂಟಿ ಮರವೊಂದಿತ್ತು. ಮರ ಆ ಚೌಕಟ್ಟಿನೊಳಗೇ ಇರುವಂತೆ ನೋಡಿಕೊಂಡು ತಿರುವು ಹಾಕುತ್ತ ಇಳಿಯಬೇಕು. ಹೆಗಲು ತಿರುಗಿತೋ, ಮರ ಮಾಯ. ಇದರಲ್ಲಿ ಯಾರೂ ತಪ್ಪು ಹೇಳಬೇಕಾಗಿಲ್ಲ, ಮರವೇ ಹೇಳುತ್ತದೆ. ಆದರೂ ಇದಕ್ಕಿಂತ ಅಡ್ಡಜಾರಿನ ತಿರುವೇ ನನಗೆ ಹೆಚ್ಚು ಹಿಡಿಸಿತು. ಸ್ಕೀ ಇಳಿಜಾರಿಗೆ ಅಡ್ಡ, ಎದೆ ಕೆಳಗೆ. ಹಿಮಕ್ಕೆ ಕಚ್ಚಿಕೊಂಡ ಸ್ಕೀಯ ಅಂಚಿನ ಹಿಡಿತ ಸ್ವಲ್ಪವೇ ಸಡಿಲಿಸಿದರೆ ಅಡ್ಡಡ್ಡಲಾಗಿಯೇ ಸರಸರ ಕೆಳಗೆ ಜಾರುತ್ತೇವೆ. ಹಾಗೆ ಜಾರುತ್ತಿರುವಾಗಲೇ ಸ್ಕೀಗಳನ್ನು ಚಪ್ಪಟೆ ಮಾಡಿ, ಎರಡೂ ತೊಡೆಗಳನ್ನು ಒಟ್ಟಿಗೆ ಹೊರಳಿಸಿ, ಎಡಕ್ಕಿದ್ದ ತುದಿಯನ್ನು ಬಲಕ್ಕೆ ತರಬೇಕು. ಅಷ್ಟರಲ್ಲಿ ಪಕ್ಕಕ್ಕೆ ಸರಿಯಬಾರದು. ಸ್ಕೀಯ ಉದ್ದದಷ್ಟೇ ಅಗಲದ ಓಣಿಯಲ್ಲಿ ನೆಟ್ಟಗೆ ಇಳಿಯಬೇಕು. ಅವಸರ ಮಾಡಿದರೆ ಅಂಚು ಕಚ್ಚಿಕೊಳ್ಳುತ್ತದೆ, ಹೆಗಲಿನಿಂದ ಎಳೆದರೆ ಓಣಿ ಬಿಟ್ಟು ಬಯಲಿಗೆ ಹೋಗುತ್ತೀರಿ. ಒಂದು ಸಲ ಸರಿಯಾಗಿ ಕೂತಾಗ ಹೊಟ್ಟೆಯ ಪಕ್ಕದ ಸ್ನಾಯುಗಳು ಲಘುವಾಗಿ ಬಿಗಿದು ತಾವಾಗಿ ಬಿಡುವುದು ಗೊತ್ತಾಗುತ್ತದೆ. ಮುಂದಿನ ತಿರುವಿಗೆ ಅಲ್ಲಿಂದಲೇ ಚಾಲನೆ, ಬೇರೆ ತಳ್ಳಬೇಕಾಗಿಲ್ಲ.

ರಾತ್ರಿ ಕೋಣೆ ಬೆಚ್ಚಗಿಡುವ ಬುಖಾರಿ ಒಲೆಯ ಸುತ್ತ ಕೂತಾಗ ಉಸ್ತಾದ್ ಹಳೆಯದನ್ನು ತೆಗೆದರು. ಹೆಗಲು ಬೀಸುವುದು ಯಾವಾಗಲೂ ತಪ್ಪಾಗಿರಲಿಲ್ಲವಂತೆ. 1937ರಲ್ಲಿ ವಿಶ್ವ ಚಾಂಪಿಯನ್ ಆದ ಫ್ರಾನ್ಸಿನ ಎಮಿಲ್ ಅಲೆಯ ಪದ್ಧತಿ ನಿಂತದ್ದೇ ಮೈ ತಿರುಗಿಸುವುದರ ಮೇಲೆ. ಆಗಿನವು ಉದ್ದನೆಯ, ನಡು ಸಣ್ಣಗಾಗದಂಥ ಸ್ಕೀಗಳು, ಮೆತ್ತನೆಯ ಚರ್ಮದ ಬೂಟುಗಳು. ಹೆಗಲಿನ ಸಹಾಯವಿಲ್ಲದೆ ಅವು ಮಾತು ಕೇಳುತ್ತಿರಲಿಲ್ಲ. 1950ರ ದಶಕದಲ್ಲಿ ಆಸ್ಟ್ರಿಯಾದ ಸ್ಕೀ ಗುರು ಕ್ರುಕೆನ್‌ಹೌಸರ್ ಕಾಲನ್ನು ಒಂದು ಕಡೆ, ಮೈಯನ್ನು ಇನ್ನೊಂದು ಕಡೆ ಮಾಡುವ ಚಿಕ್ಕ ಚಿಕ್ಕ ತಿರುವುಗಳನ್ನು ಬಳಕೆಗೆ ತಂದರು. 1990ರ ದಶಕದಲ್ಲಿ ನಡು ಸಣ್ಣಗಿರುವ ಸ್ಕೀ ಬಂದ ಮೇಲಂತೂ ಅಂಚಿನ ಮೇಲೆ ಒರಗಿಸಿದರೆ ಸಾಕು, ಅರ್ಧ ಕೆಲಸ ಅದೇ ಮಾಡುತ್ತದೆ. ಅಳಿಯ ಮೊಬೈಲಿನಲ್ಲಿ ಆರಿಫ್ ಖಾನ್ ವಿಡಿಯೊ ಹಾಕಿದ. ಈ ಕಡೆಯದೇ ಹುಡುಗ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸಿಗೆ ಭಾರತದಿಂದ ಹೋದ ಏಕೈಕ ಆಟಗಾರ, ಕಂಬಗಳ ನಡುವೆ ತಿರುವು ಹಾಕುತ್ತ ಇಳಿಯುವ ಜೈಂಟ್ ಸ್ಲಾಲಂ ಪಂದ್ಯದಲ್ಲಿ 45ನೆಯ ಸ್ಥಾನ. ಸ್ಪೀಡು ಕಡಿಮೆ ಮಾಡಿ ನೋಡಿದೆವು. ಕಾಲುಗಳು ಅತ್ತ ಇತ್ತ ಹೋಗುತ್ತಿವೆ, ಹೊಟ್ಟೆಯ ಮೇಲಿನ ಭಾಗ ಬಹುತೇಕ ಒಂದೇ ಕಡೆ ನೋಡುತ್ತಿದೆ.

ಮರುದಿನ ಅಳಿಯ ಅದನ್ನೇ ಮಾಡಲು ಹೋಗಿ ಬೇರೆ ರೋಗ ಹತ್ತಿಸಿಕೊಂಡ. ಎದೆ ಕೆಳಗೇ ನೋಡಬೇಕೆಂದು ಹೆಗಲನ್ನು ಬಿಗಿ ಹಿಡಿದ. ತಿರುವು ಶುರುವಾಗುವ ಮೊದಲೇ ಮೈಯನ್ನು ಆಚೆ ತಿರುಚಿ ನಿಲ್ಲಿಸಿದ. ಕಾಲು ಅಲ್ಲಾಡದೆ ನಿಂತಿತು. ಇಲ್ಲಿಯೇ ನನಗೆ ಬಹಳಷ್ಟು ಕಲಿಸುವವರ ಮೇಲೆ ತಕರಾರು. "ಎದೆ ತಿರುಗಿಸಬೇಡಿ, ಎದೆ ತಿರುಗಿಸಬೇಡಿ" ಎಂದು ಇಳಿಜಾರಿನ ತುಂಬ ಕೂಗುತ್ತಿರುತ್ತಾರೆ. ಎದೆ ಸುಮ್ಮನಿರುವುದು ಕಾಲು ಚೆನ್ನಾಗಿ ತಿರುಗಿದ್ದರ ಫಲ. ಎದೆಯನ್ನು ಕಟ್ಟಿಹಾಕಿದರೆ ಕಾಲು ತಿರುಗುತ್ತದೆ ಎಂದೇನಿಲ್ಲ. ಎಲ್ಲ ತಿರುವಿಗೂ ಇಷ್ಟೇ ಪ್ರಮಾಣ ಬೇಕು ಎಂದೂ ಇಲ್ಲ. ಚಿಕ್ಕ ತಿರುವಿನಲ್ಲಿ ಮೈ ಕೆಳಗೇ ನೋಡುತ್ತದೆ. ದೊಡ್ಡ, ಅಗಲವಾದ ತಿರುವಿನಲ್ಲಿ ಸ್ಕೀ ಹೋದ ಕಡೆಗೆ ಅದೂ ಸಾಕಷ್ಟು ಹೋಗುತ್ತದೆ, ಹೋಗಲೂ ಬೇಕು. ಗಟ್ಟಿ ಹಿಮದಲ್ಲಿ ಇನ್ನೊಂದು ಬಗೆಯ ಬೇರ್ಪಡೆಯೂ ಇದೆ: ಕಾಲು ಒಳಗೆ ವಾಲಿದಾಗ ಎದೆ ಹೊರಗಾಲಿನ ಮೇಲೆ ಬಾಗಬೇಕು, ಆಗಲೇ ಹೊರಗಾಲಿನ ಸ್ಕೀಯ ಅಂಚು ಕಚ್ಚುವುದು. ಇಡೀ ಮೈಯನ್ನು ಒಳಗೆ ಒರಗಿಸಿದವರನ್ನು ಬೆಳಗಿನ ಮಂಜುಗಟ್ಟಿದ ಇಳಿಜಾರು ಕ್ಷಮಿಸುವುದಿಲ್ಲ.

ಕೊನೆಗೆ ಉಸ್ತಾದ್ ನಮ್ಮನ್ನು ಗುಡ್ಡದ ಮೇಲಕ್ಕೆ ಹೋಗುವ ಕೇಬಲ್ ಕಾರು, ಗೊಂಡೋಲಾ ಹತ್ತಿಸಿದರು. 1998ರಲ್ಲಿ ಶುರುವಾದ ಮೊದಲ ಹಂತ ಕೊಂಗ್‌ಡೂರಿಯವರೆಗೆ. 2005ರ ಎರಡನೆಯದು ಆಫರ್ವಟ್ ಶಿಖರದ ಕಡೆಗೆ, ಸುಮಾರು 3,950 ಮೀಟರ್ ಎತ್ತರಕ್ಕೆ. ಎರಡನೆಯದರ ಹತ್ತಿರ ನಮಗೇನೂ ಕೆಲಸವಿರಲಿಲ್ಲ. ಕೊಂಗ್‌ಡೂರಿಯಿಂದ ಮರಗಳ ನಡುವಿನ ದಾರಿಯಲ್ಲಿ ಇಳಿದೆವು. ಮುಂದೆ ಹೋಗುತ್ತಿದ್ದ ಅಳಿಯನ ಜಾಕೆಟ್ಟಿನ ಬೆನ್ನು ನನಗೆ ಕಾಣುತ್ತಿತ್ತು. ಬಲತಿರುವಿನಲ್ಲಿ ಬೆನ್ನು ಬೆನ್ನಾಗಿಯೇ ಉಳಿಯುತ್ತಿತ್ತು. ಎಡತಿರುವು ಬಂದಾಗ ಮಾತ್ರ ಅವನ ಪಕ್ಕೆ, ಆಮೇಲೆ ಮುಖ. ಮೇಲಿನಿಂದ ಕೂಗಿದೆ: "ಲೇ, ನಿನ್ನ ಮಾರಿ ಕಾಣಾಕತ್ತೈತಿ!" ಅವನಿಗೆ ಅಷ್ಟೇ ಸಾಕಾಯಿತು. ಮುಂದಿನ ಎಡತಿರುವಿನಲ್ಲಿ ಬೆನ್ನೇ ಕಂಡಿತು.

ನಮ್ಮ ಕಡೆಯಿಂದ ಹೋಗುವವರು ತೊಡೆ ಗಟ್ಟಿ ಮಾಡಿಕೊಂಡು ಹೋಗಿ. ರಾಯಚೂರು ಕೋಟೆಯ ಗುಡ್ಡ ಹತ್ತಿಳಿದರೆ ಧಾರಾಳವಾಯಿತು. ತಿರುಗುವ ಅಭ್ಯಾಸಕ್ಕೆ ಹಿಮವೂ ಬೇಡ. ಶಹಾಬಾದ್ ಪರಸಿಯ ನುಣುಪು ನೆಲದ ಮೇಲೆ ಎರಡು ಬಟ್ಟೆ ಹಾಸಿ, ಒಂದೊಂದು ಪಾದ ಒಂದೊಂದರ ಮೇಲಿಟ್ಟು, ಅಂಗೈ ಗೋಡೆಗೆ ಊರಿ, ಸೊಂಟದ ಎಲುಬು ಗೋಡೆಯನ್ನೇ ನೋಡುತ್ತಿರುವಂತೆ ಪಾದ ಹೊರಳಿಸುತ್ತಿದ್ದರಾಯಿತು. ಅಳಿಯನನ್ನು ಬಿಡಲು ಹೋದವನು ಅಕ್ಕನ ಮನೆಯ ಪಡಸಾಲೆಯಲ್ಲೇ ಇದನ್ನು ಮಾಡಿ ತೋರಿಸುತ್ತಿದ್ದೆ. ಅಕ್ಕ ಸ್ವಲ್ಪ ಹೊತ್ತು ನೋಡಿ, "ಹೆಂಗೂ ಬಟ್ಟಿ ತುಳದೀದಿ, ಆ ಮೂಲ್ಯಾಗಿಂದೂ ಒಂಚೂರು ಒರಸಿಬಿಡೋ" ಎಂದು ಒಳಗೆ ಹೋದಳು.